ಮಂಗಳೂರಿನಲ್ಲಿ ಎರಡು ದಿನ: ಹಳೇ ಹೋಟೆಲು, ಹಳೇ ಬಾರು, ಒಂದು ಮಾಯ್ ಟಾಯ್

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ಶನಿವಾರ ಬೆಳಿಗ್ಗೆ ಮಂಗಳೂರಿಗೆ ಬಂದು ಭಾನುವಾರ ರಾತ್ರಿ ಹೊರಡುತ್ತೇವೆ. ದೇವಸ್ಥಾನ, ಬೀಚು ಎಲ್ಲ ನೋಡಿಯಾಗಿದೆ. ಈ ಸಲ ಹಳೇ ಹೋಟೆಲು, ಹಳೇ ಬಾರುಗಳಷ್ಟೇ. ಹೇಗೆ ಹೊಂದಿಸಿಕೊಳ್ಳಬೇಕು?
— ಹುಬ್ಬಳ್ಳಿಯ ಓದುಗರು

ಉತ್ತರ: ಹಂಪನಕಟ್ಟೆಯ ಆಸುಪಾಸಿನಲ್ಲೇ ರೂಮು ಮಾಡಿ. ಬಂದರ್, ಕೊಡಿಯಾಲ್‌ಬೈಲ್, ಬಲ್ಮಠ ಎಲ್ಲವೂ ನಡೆದೋ ಸಣ್ಣ ಆಟೋ ಬಾಡಿಗೆಗೋ ಮುಟ್ಟುವಷ್ಟು ದೂರ. ಇಲ್ಲಿ ಜಾಗ ಹುಡುಕುವುದು ಕಷ್ಟವಲ್ಲ, ಹೊತ್ತು ತಪ್ಪಿಸಿಕೊಳ್ಳುವುದು ಸುಲಭ.

ಬೆಳಿಗ್ಗೆ ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಕೆಫೆಯಲ್ಲಿ ಬನ್ಸ್, ಉದ್ದಿನ ಬೋಂಡಾದಂಥ ಬಿಸ್ಕುಟ್ ಅಂಬಡೆ ತಿನ್ನಿ. ಬನ್ಸ್ ಹಿಟ್ಟು ಹಿಂದಿನ ರಾತ್ರಿಯದು: ಮೈದಾಕ್ಕೆ ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ ಹಾಕಿ ಕಲಸಿಟ್ಟದ್ದು. ಬಾಣಲೆಯಿಂದ ತೆಗೆದ ಹತ್ತು ನಿಮಿಷದೊಳಗೆ ತಿಂದರೆ ಒಳಗೆ ಟೊಳ್ಳು, ಮೆತ್ತಗೆ. ತಣ್ಣಗಾಯಿತೋ, ಅಗಿಯುತ್ತಾ ಕೂರಬೇಕು. ಹಾಗಾಗಿ ಒಂಬತ್ತರ ಮೊದಲು ಹೋಗಿ, "ಬಿಸಿ ಉಂಟಾ?" ಎಂದು ಕೇಳಿಯೇ ಆರ್ಡರ್ ಮಾಡಿ.

ಮಧ್ಯಾಹ್ನದ ಮೀನೂಟ ಶನಿವಾರವೇ ಆಗಲಿ. ಭಾನುವಾರ ಬಂದರ್ ಕಡೆ ಅಂಗಡಿ, ಊಟದ ಮನೆ ಅನೇಕ ಮುಚ್ಚಿರುತ್ತವೆ. ಅಜೀಜುದ್ದೀನ್ ರಸ್ತೆಯ ನಾರಾಯಣ ಹೋಟೆಲಿಗೆ ಹನ್ನೆರಡೂಕಾಲಕ್ಕೆಲ್ಲ ಹೋದರೆ ಸೀಟು ಸಿಗುತ್ತದೆ. ಒಂದು ಗಂಟೆಗೆ ಹೋದರೆ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಅವರು ಏಳುವುದನ್ನೇ ಕಾಯಬೇಕು. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕೆಂಪು ಮಸಾಲೆ ಮೆತ್ತಿದ ಹಸಿ ಮೀನಿನ ತಟ್ಟೆಯೇ ಮೇಜಿಗೆ ಬರುತ್ತದೆ. ನೀವು ಬೆರಳು ತೋರಿಸಿದ ತುಂಡು ಕಾವಲಿಗೆ ಹೋಗುತ್ತದೆ. ರೇಟು ಮೀನಿನ ಗಾತ್ರದ ಮೇಲೆ, ದಿನದ ಮೇಲೆ. ಬೆರಳು ತೋರಿಸುವ ಮೊದಲೇ ಕೇಳಿಕೊಳ್ಳಿ. ಕಾಣೆ ಮೀನಿಗೆ ರವಾ ಫ್ರೈ, ಬಂಗುಡೆಗೆ ತವಾ ಫ್ರೈ ಎಂಬುದು ನಮ್ಮ ಲೆಕ್ಕ. ಕಾಣೆಯ ಮಾಂಸ ಮೆದು, ಎಣ್ಣೆಯಂಶ ಕಡಿಮೆ, ರವೆಯ ಹೊದಿಕೆ ಅದನ್ನು ಒಣಗದಂತೆ ಕಾಯುತ್ತದೆ. ಬಂಗುಡೆಗೆ ಅದರದೇ ಎಣ್ಣೆ ಸಾಕು. ರವೆ ಹಾಕಿದರೆ ಆ ಎಣ್ಣೆಯನ್ನೆಲ್ಲ ಹೀರಿ ಮುದ್ದೆಯಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಿಗುವುದು ನಾಡದೋಣಿಯ ಮೀನು, ಹೊಳೆ ಮೀನು, ಇಲ್ಲದಿದ್ದರೆ ಐಸಿನದು. ಆ ಎರಡು ತಿಂಗಳು ಮರುವಾಯಿ (ಚಿಪ್ಪುಮೀನು) ಸುಕ್ಕ, ಕೋಳಿ ಸಾರಿನ ಕೋರಿ ರೊಟ್ಟಿಯೇ ಕ್ಷೇಮ.

ಸಂಜೆ ಐಸ್‌ಕ್ರೀಮ್: 1975ರಲ್ಲಿ ಶುರುವಾದ ಐಡಿಯಲ್, ಅಥವಾ ಅವರದೇ ಆದ ಲಾಲ್‌ಬಾಗಿನ ಪಬ್ಬಾಸ್. ಬಾರಿಗೆ ಏಳು ಗಂಟೆಗೆ ಹೋಗಿ. ಹಳೇ ಬಾರುಗಳಲ್ಲಿ ಹತ್ತು ಗಂಟೆಯ ಮೇಲೆ ಅಡುಗೆಮನೆ ಕೈ ತೊಳೆಯುತ್ತದೆ. ಕುಡಿಯಲು ಸಿಗುತ್ತದೆ, ಬೊಂಡಾಸ್ (ಸ್ಕ್ವಿಡ್) ಫ್ರೈ ಸಿಗುವುದಿಲ್ಲ. ಭಾನುವಾರ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ ಹಿಡಿದರೆ ಒಂದೂವರೆ ಗಂಟೆಗೆ ಉಡುಪಿ. ರಥಬೀದಿಯ ಬಳಿ ಮಿತ್ರ ಸಮಾಜದ ಗೋಳಿಬಜೆ, ಆಮೇಲೆ ಡಯಾನಾದ ಗಡ್‌ಬಡ್ ಐಸ್‌ಕ್ರೀಮ್. ಗಡ್‌ಬಡ್ ಹುಟ್ಟಿದ್ದೇ ಅಲ್ಲಿ ಎಂದು ಉಡುಪಿಯವರು ಹೇಳುತ್ತಾರೆ. ಮಂಗಳೂರಿನವರ ಹತ್ತಿರ ಆ ಮಾತು ತೆಗೆಯದಿರುವುದು ಒಳ್ಳೆಯದು.

ಪ್ರಶ್ನೆ: ಗೋಡೆ ಮೇಲೆ ಹಳೇ ಪೋಸ್ಟರ್, ಗ್ರಾಮೋಫೋನ್ ಇಟ್ಟು "ವಿಂಟೇಜ್" ಎನ್ನುವ ಬಾರುಗಳು ಬಂದಿವೆ. ನಿಜವಾಗಿ ಹಳೆಯದು ಎಂದು ಗುರುತಿಸುವುದು ಹೇಗೆ?
— ಶಿವಮೊಗ್ಗದ ಓದುಗರು

ಉತ್ತರ: ಮೊದಲು ಇಸವಿ ಕೇಳಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1948ರ ಹೊತ್ತಿಗೆ, ಇಲ್ಲಿ ಪಾನನಿಷೇಧ ಬಂದಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಮೈಸೂರು ರಾಜ್ಯ ಅದನ್ನು ತೆಗೆದದ್ದು 1960ರ ದಶಕದ ಕೊನೆಗೆ. ಹಾಗಾಗಿ "1950ರಿಂದ ನಡೆಯುತ್ತಿರುವ ಬಾರು" ಎಂದು ಯಾರಾದರೂ ಬೋರ್ಡು ಹಾಕಿದರೆ, ಆ ಇಸವಿ ಹೋಟೆಲಿನದು, ಬಾರಿನದಲ್ಲ. ಇಲ್ಲಿ ಹಳೇ ಬಾರು ಎಂದರೆ 1970, 80ರ ದಶಕದವು.

ಅವುಗಳ ಗುರುತು ಅಲಂಕಾರದಲ್ಲಿ ಇರುವುದಿಲ್ಲ. ಬಾಗಿಲ ಪಕ್ಕ ಎತ್ತರದ ಗಲ್ಲಾ, ಅಲ್ಲಿ ಕೂತವರಿಗೆ ಎಲ್ಲ ಮೇಜೂ ಕಾಣಬೇಕು. ಒಳಗೆ ಪರದೆ ಅಥವಾ ಅರ್ಧ ಬಾಗಿಲಿನ "ಫ್ಯಾಮಿಲಿ ರೂಮು". ನೆಲ ಮೊಸಾಯಿಕ್, ಕುರ್ಚಿ ಇಡುವಲ್ಲಿ ಮಾತ್ರ ಹೊಳಪು ಹೋಗಿರುತ್ತದೆ. ಮೆನು ಕಾರ್ಡಿನಲ್ಲಿ ರೇಟಿನ ಮೇಲೆ ರೇಟಿನ ಚೀಟಿ ಅಂಟಿಸಿರುತ್ತಾರೆ. ಎಸಿಗೂ ನಾನ್-ಎಸಿಗೂ ಬೇರೆ ದರ, ಕೂರುವ ಮೊದಲು ಕೇಳಿ. ಎಲ್ಲಕ್ಕಿಂತ ಒಳ್ಳೆ ಗುರುತು ಅಡುಗೆ: ಕುಡಿಯದವರೂ ಪಾರ್ಸೆಲ್ಲಿಗೆ ಬಂದು ನಿಂತಿದ್ದರೆ ಒಳಗೆ ಹೋಗಿ ಕೂರಬಹುದು.

ಪ್ರಶ್ನೆ: ಬಿದಿರು, ಹುಲ್ಲಿನ ಚಾವಣಿ ಇರುವ ಬೀಚ್ ಬಾರನ್ನು ಟಿಕಿ ಲೌಂಜ್ ಎನ್ನಬಹುದೇ? ಅಲ್ಲಿ ಕುಡಿದ ಮಾಯ್ ಟಾಯ್ ಎಂಬ ರಮ್ ಕಾಕ್‌ಟೇಲ್ ಬರೀ ಅನಾನಸ್ ಜ್ಯೂಸಿನಂತಿತ್ತು.
— ಸುರತ್ಕಲ್‌ನ ಓದುಗರು

ಉತ್ತರ: ಹುಲ್ಲು ಹೊದಿಸಿದ್ದೆಲ್ಲ ಟಿಕಿಯಾದರೆ ನಮ್ಮ ಕಡಲ ಬದಿಯ ದೋಣಿ ಕೊಟ್ಟಿಗೆಗಳೂ ಟಿಕಿಯೇ. ಟಿಕಿ ಎಂಬ ಬಾರಿನ ಶೈಲಿ ಅಮೆರಿಕದವರ ಕಲ್ಪನೆ. 1933ರ ಡಿಸೆಂಬರಿನಲ್ಲಿ ಅಲ್ಲಿ ಪಾನನಿಷೇಧ ಮುಗಿದ ಬೆನ್ನಿಗೇ ಡಾನ್ ದ ಬೀಚ್‌ಕೋಂಬರ್ ಹಾಲಿವುಡ್‌ನಲ್ಲಿ ಪೆಸಿಫಿಕ್ ದ್ವೀಪಗಳ ವೇಷದ ಬಾರು ತೆರೆದ. ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಬಾರಿನವ ಟ್ರೇಡರ್ ವಿಕ್ 1944ರಲ್ಲಿ ಮಾಯ್ ಟಾಯ್ ಕಲಸಿದ. ಅವನ ಅಳತೆಯಲ್ಲಿ ಅನಾನಸ್ ಇಲ್ಲವೇ ಇಲ್ಲ.

ಅಳತೆ ಹೀಗೆ: ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟ ರಮ್ 60 ಮಿಲಿ, ಕಿತ್ತಳೆಯ ಕ್ಯುರಸಾವ್ ಲಿಕರ್ 15 ಮಿಲಿ, ಬಾದಾಮಿಯ ಓರ್ಜಾ ಸಿರಪ್ 7.5 ಮಿಲಿ, ಸಕ್ಕರೆ ಪಾಕ 7.5 ಮಿಲಿ, ಒಂದು ಲೈಮಿನ ರಸ. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲಿ. ಅಲ್ಲಿನ ದಪ್ಪ ಲೈಮಿನಲ್ಲಿ ಸುಮಾರು 30 ಮಿಲಿ ರಸ ಬರುತ್ತದೆ, ನಮ್ಮ ನಿಂಬೆಯಲ್ಲಿ ಅದರ ಅರ್ಧ. ಒಂದೇ ಹಿಂಡಿದರೆ ಪಾನೀಯ ಸಿಹಿ ಪಾನಕವಾಗುತ್ತದೆ, ಎರಡು ಹಿಂಡಿ. ಓಲ್ಡ್ ಮಂಕ್ ಬಳಸುವುದಾದರೆ ಅದರಲ್ಲೇ ವೆನಿಲಾ ವಾಸನೆ, ಸಿಹಿ ಇರುವುದರಿಂದ ಸಕ್ಕರೆ ಪಾಕ ಬಿಟ್ಟುಬಿಡಿ.

ಓರ್ಜಾ ಮನೆಯಲ್ಲೇ ಆಗುತ್ತದೆ. 200 ಗ್ರಾಂ ಬಾದಾಮಿ ರಾತ್ರಿಯಿಡೀ ನೆನೆಸಿ, ಸಿಪ್ಪೆ ತೆಗೆದು, 300 ಮಿಲಿ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಬಂದ ಹಾಲಿನ ತೂಕದಷ್ಟೇ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ, ಕುದಿದರೆ ಎಣ್ಣೆ ಬಿಟ್ಟು ಒಡೆಯುತ್ತದೆ. ಆರಿದ ಮೇಲೆ ನಾಲ್ಕು ಹನಿ ಪನ್ನೀರು ಸಾಕು. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಮೇಲೆ ಕೆನೆ ಕಟ್ಟಿದರೆ ಕುಲುಕಿ. ಅಂಗಡಿಯ ಬಾದಾಮಿ ಹಾಲಿನ ಸಿರಪ್ ಬೇಡ, ಏಲಕ್ಕಿ ಎಲ್ಲವನ್ನೂ ನುಂಗಿಬಿಡುತ್ತದೆ. ಪಾನೀಯಕ್ಕೆ ಹಾಕುವ ಐಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿದರೆ ನೀರಾಗುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ.

ಬಾರಿನಲ್ಲಿ ಪರೀಕ್ಷಿಸಬೇಕೇ? "ಮಾಯ್ ಟಾಯ್‌ಗೆ ಓರ್ಜಾ ಹಾಕ್ತೀರಾ?" ಎಂದು ಕೇಳಿ. ಬಾರಿನವರು ತಲೆ ಕೆರೆದುಕೊಂಡರೆ ಬಿಯರ್ ತರಿಸಿಕೊಳ್ಳಿ.

ಪ್ರಶ್ನೆ: ಕಳ್ಳು ಇಲ್ಲಿ ಕಾನೂನುಬದ್ಧವೇ? ಯಾವ ಹೊತ್ತಿನದು ಒಳ್ಳೆಯದು?
— ದಾವಣಗೆರೆಯ ಓದುಗರು

ಉತ್ತರ: ರಾಜ್ಯದ ಬೇರೆ ಕಡೆ ಕಳ್ಳು ಮಾರಾಟ ನಿಂತರೂ ದಕ್ಷಿಣ ಕನ್ನಡ, ಉಡುಪಿಯಲ್ಲಿ ಪರವಾನಗಿ ಇರುವ ಶೇಂದಿ ಅಂಗಡಿಗಳಿವೆ, ಕಳ್ಳು ಇಳಿಸುವ ಮೂರ್ತೆದಾರರ ಸಹಕಾರ ಸಂಘಗಳೂ ಇವೆ. ಬೋರ್ಡು ಇರುವಲ್ಲೇ ಕುಡಿಯಿರಿ. ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ ಮತ್ತು ಅಮಲು ಏರುತ್ತದೆ, ಮಾರನೆಯ ದಿನಕ್ಕೆ ವಿನೆಗರ್‌ನ ದಾರಿ ಹಿಡಿಯುತ್ತದೆ. ಬಾಟಲಿಗೆ ತುಂಬಿ ಬಿರಡೆ ಬಿಗಿಯಬೇಡಿ. ಒಳಗೆ ಹುದುಗು ನಿಲ್ಲುವುದಿಲ್ಲ, ಬಾಟಲಿ ಒಡೆಯುತ್ತದೆ. ಊರಿಗೆ ಒಯ್ಯುವ ಯೋಚನೆಯಂತೂ ಬೇಡ.

ಪ್ರಶ್ನೆ: ಸ್ವಂತ ಕಾರಿನಲ್ಲಿ ಬರುತ್ತಿದ್ದೇವೆ. ತಿಳಿದಿರಬೇಕಾದ ನಿಯಮಗಳು?
— ಮೈಸೂರಿನ ಓದುಗರು

ಉತ್ತರ: ಕಾರು ಲಾಡ್ಜಿನಲ್ಲೇ ಇರಲಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ರಾತ್ರಿ ಹತ್ತರ ಮೇಲೆ ಆಟೋಗೆ ಮೀಟರಿನ ಒಂದೂವರೆ ಪಟ್ಟು. 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ, ಎಳೆಯ ಮುಖದವರು ಗುರುತಿನ ಚೀಟಿ ಇಟ್ಟುಕೊಳ್ಳಿ. ಅಕ್ಟೋಬರ್ 2ಕ್ಕೆ ಬಾರು ಇಲ್ಲ. ಮತದಾನ ಮುಗಿಯುವ ಮೊದಲಿನ 48 ಗಂಟೆಯೂ ಇಲ್ಲ. ದೊಡ್ಡ ಮೆರವಣಿಗೆಗಳ ದಿನ ಜಿಲ್ಲಾಡಳಿತ ಮುಚ್ಚಿಸುವುದುಂಟು, ಹಾಗಾಗಿ ಕೃಷ್ಣಾಷ್ಟಮಿಯ ಮೊಸರುಕುಡಿಕೆ, ದಸರಾ ವಾರದಲ್ಲಿ ಬರುವವರು ರೂಮು ಬುಕ್ ಮಾಡುವಾಗಲೇ ಲಾಡ್ಜಿನವರನ್ನು ವಿಚಾರಿಸಿ.