ಸರ್ಕಾರಿ ಎಆರ್‌ಟಿ ಮಾತ್ರೆಯನ್ನೇ ನಂಬಿಕೊಂಡು 30 ವರ್ಷ ಬದುಕಬಹುದೇ?

ನೀವು ಕೇಳಿರುವುದು ಇಷ್ಟು: ಬಾಗಲಕೋಟೆ ಜಿಲ್ಲೆಯ ಹಳ್ಳಿಯಲ್ಲಿರುವ ನಿಮ್ಮ ಅಣ್ಣನಿಗೆ 34 ವರ್ಷ. ಹೋದ ತಿಂಗಳು ಎಚ್‌ಐವಿ ಇರುವುದು ಗೊತ್ತಾಗಿದೆ, ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 180 ಬಂದಿದೆ. ಎಚ್‌ಐವಿಯನ್ನು ಹತ್ತಿಕ್ಕುವ ಔಷಧ (ಎಆರ್‌ಟಿ) ಕೊಡುವ ಸರ್ಕಾರಿ ಸೆಂಟರ್‌ನಲ್ಲಿ ದಿನಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ವರ್ಷದಲ್ಲಿ ಆರೇಳು ತಿಂಗಳು ಗೋವಾದಲ್ಲಿ ಗಾರೆ ಕೆಲಸ. ಈ ಪುಕ್ಕಟೆ ಮಾತ್ರೆಯಿಂದ ಎಷ್ಟು ದಿನ, ಸಾಲ ಮಾಡಿಯಾದರೂ ಖಾಸಗಿಗೆ ಕರೆದೊಯ್ಯಬೇಕೇ?

ಸಾಲ ಮಾಡಬೇಡಿ. ಅವರಿಗೆ ಕೊಟ್ಟಿರುವುದು ಬಹುಮಟ್ಟಿಗೆ ಟಿಎಲ್‌ಡಿ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದೇ ಮಾತ್ರೆಯಲ್ಲಿ. ಡಬ್ಬಿಯ ಮೇಲೆ ಈ ಹೆಸರುಗಳಿವೆಯೇ ಒಮ್ಮೆ ನೋಡಿಕೊಳ್ಳಿ. ಶ್ರೀಮಂತ ದೇಶಗಳಲ್ಲೂ ಮೊದಲ ಸಾಲಿನ, ಅಂದರೆ ಮೊದಲು ಶುರುಮಾಡುವ, ಚಿಕಿತ್ಸೆಯಾಗಿ ಡೊಲುಟೆಗ್ರಾವಿರ್ ಇರುವ ಇಂಥ ಜೋಡಣೆ ಬಳಕೆಯಲ್ಲಿದೆ. ಖಾಸಗಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಸಾಮಾನ್ಯವಾಗಿ ಇದನ್ನೇ. ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಆಗಿನ ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು, ಜಿಡೊವುಡಿನ್ ರಕ್ತಹೀನತೆ ತರುತ್ತಿತ್ತು. ಆ ಕಷ್ಟದ ಮಾತ್ರೆಗಳನ್ನು ನುಂಗಿಯೂ ಎಷ್ಟೋ ಜನ ಇಂದಿಗೂ ದುಡಿಯುತ್ತಿದ್ದಾರೆ. ಹಾಗಾಗಿ ನಿಮ್ಮ ಅಣ್ಣ 60 ದಾಟುವುದು ಅತಿಯಾಸೆಯಲ್ಲ. ಔಷಧ ಕೈಕೊಡುವುದು ಅಪರೂಪ. ಸೆಂಟರ್‌ನಿಂದ ಹೊಟ್ಟೆಯವರೆಗಿನ ದಾರಿಯಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು.

ಮೊದಲು ಈ ವರ್ಷದ ಮಾತು. ಸಿಡಿ4 200ಕ್ಕಿಂತ ಕೆಳಗಿದ್ದು ಚಿಕಿತ್ಸೆ ಶುರುಮಾಡಿದವರಿಗೆ ಮೊದಲ ಕೆಲವು ತಿಂಗಳೇ ಹೆಚ್ಚು ಅಪಾಯದವು. ಕೊ-ಟ್ರಿಮೊಕ್ಸಜೋಲ್ ಎಂಬ ಇನ್ನೊಂದು ದೊಡ್ಡ ಬಿಳಿ ಮಾತ್ರೆ, 960 ಮಿ.ಗ್ರಾಂನದು, ದಿನಕ್ಕೊಂದು ಕೊಟ್ಟಿರಬೇಕು, ಕೊಟ್ಟಿಲ್ಲದಿದ್ದರೆ ಕೇಳಿ. ಸಿಡಿ4 350 ದಾಟಿ ಅಲ್ಲೇ ನಿಂತಿದೆ ಎಂದು ಆರು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ಖಚಿತವಾಗುವವರೆಗೆ ಅದನ್ನು ಬಿಡುವಂತಿಲ್ಲ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು: ಈ ನಾಲ್ಕರಲ್ಲಿ ಒಂದಿದ್ದರೂ ಟಿಬಿ ಪರೀಕ್ಷೆ ಆಗಲೇಬೇಕು. ಇವು ಯಾವುದೂ ಇಲ್ಲದಿದ್ದರೆ ಟಿಬಿ ಬಾರದಂತೆ ತಡೆಯುವ ಐಸೊನಿಯಾಜಿಡ್ 300 ಮಿ.ಗ್ರಾಂ ಆರು ತಿಂಗಳು ಕೊಡುತ್ತಾರೆ. ಒಂದೆರಡು ವಾರ ಬಿಡದ ತಲೆನೋವಿನ ಜೊತೆ ವಾಂತಿ ಬಂದರೆ ಮೆಡಿಕಲ್ ಶಾಪ್‌ನ ಗುಳಿಗೆಯಲ್ಲಿ ದಿನ ದೂಡಬೇಡಿ, ಅದು ಮಿದುಳಿನ ಪೊರೆಯ ಫಂಗಸ್ ಸೋಂಕು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು ತಪ್ಪು ತಿಳಿವಳಿಕೆ ತುಂಬಾ ಜನರಿಗಿದೆ. ಮಾತ್ರೆ ಶುರುವಾದ ಮೂರ್ನಾಲ್ಕು ವಾರಕ್ಕೆ ಜ್ವರ ಬರುತ್ತದೆ, ಕುತ್ತಿಗೆಯಲ್ಲಿ ಗಂಟು ಏಳುತ್ತದೆ. "ಮಾತ್ರೆ ಮೈಗೆ ಒಗ್ಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಒಳಗೆ ಅಡಗಿದ್ದ ಸೋಂಕಿನ ಮೇಲೆ ತಿರುಗಿಬಿದ್ದಾಗಲೂ ಹೀಗೇ ಆಗುತ್ತದೆ. ವೈದ್ಯರಿಗೆ ತೋರಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ದಿನನಿತ್ಯದ ವಿಷಯಕ್ಕೆ ಬರುತ್ತೇನೆ. ಊಟದ ಮೊದಲೋ ಆಮೇಲೋ ಎಂಬ ಚಿಂತೆ ಬೇಡ, ಹೊತ್ತು ಮಾತ್ರ ಒಂದೇ ಇರಲಿ. ರಾತ್ರಿ ತೆಗೆದುಕೊಂಡು ನಿದ್ದೆ ಬಾರದಿದ್ದರೆ ಬೆಳಗ್ಗೆಗೆ ಬದಲಾಯಿಸಿಕೊಳ್ಳಲಿ. ಮರೆತದ್ದು ಅದೇ ದಿನ ನೆನಪಾದರೆ ಕೂಡಲೇ ನುಂಗಬೇಕು. ಮರುದಿನ ಎರಡು ನುಂಗಬಾರದು. 30 ಮಾತ್ರೆಯ ಡಬ್ಬಿಯಲ್ಲಿ ತಪ್ಪಿದ್ದು ಒಂದಕ್ಕಿಂತ ಹೆಚ್ಚಾದರೆ ನುಂಗಬೇಕಾದ ಮಾತ್ರೆಗಳಲ್ಲಿ ಶೇಕಡಾ 95ನ್ನಾದರೂ ನುಂಗಬೇಕೆಂಬ ಗುರಿ ತಪ್ಪಿತು ಎಂದೇ ಲೆಕ್ಕ. ಡಬ್ಬಿಯೊಳಗಿನ ಚಿಕ್ಕ ಪೊಟ್ಟಣ ತೇವ ಹೀರುವುದಕ್ಕೆ ಇರುವಂಥದ್ದು, ಬಿಸಾಡಬೇಡಿ. ಲೇಬಲ್ ಯಾರಾದರೂ ಓದಿಯಾರು ಎಂಬ ಭಯಕ್ಕೆ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಶೆಡ್ಡಿನ ತಗಡಿನಡಿ ಇಟ್ಟರೆ ತೇವ, ಸೆಕೆ ಎರಡೂ ತಗಲುತ್ತವೆ. ಲೇಬಲ್ ಕಿತ್ತರೂ ಪರವಾಗಿಲ್ಲ, ಡಬ್ಬಿ ಅದೇ ಇರಲಿ. ಮಾತ್ರೆಯ ಹೆಸರನ್ನು ಹಸಿರು ಪುಸ್ತಕದಲ್ಲಿ, ಅಂದರೆ ಸೆಂಟರ್‌ನಲ್ಲಿ ಕೊಡುವ ಚಿಕಿತ್ಸೆಯ ದಾಖಲೆ ಪುಸ್ತಕದಲ್ಲಿ, ಬರೆದುಕೊಂಡಿರಿ.

ಬೇರೆ ಮಾತ್ರೆಗಳ ಜೊತೆ ಆಗುವ ತಕರಾರನ್ನು ಸರಿಯಾಗಿ ತಿಳಿದುಕೊಳ್ಳಿ. ಜೆಲುಸಿಲ್, ಡೈಜೀನ್‌ನಂಥ ಔಷಧಗಳಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಹಾಗಾಗಿ ಎಆರ್‌ಟಿ ಮಾತ್ರೆ ಮೊದಲು ನುಂಗಿ, ಎರಡು ಗಂಟೆ ಬಿಟ್ಟು ಅವನ್ನು ಕುಡಿಯಬೇಕು. ಅವನ್ನು ಮೊದಲೇ ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಖಾಲಿ ಹೊಟ್ಟೆಯಲ್ಲಿ ಇದೇ ಲೆಕ್ಕ, ಊಟದ ಜೊತೆಯಾದರೆ ಒಟ್ಟಿಗೇ ನುಂಗಬಹುದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಇದಕ್ಕೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ಮೀರಬಾರದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಔಷಧದ ಮಟ್ಟವನ್ನು ಇಳಿಸಿಬಿಡುತ್ತವೆ. ಟಿಬಿಯ ರಿಫಾಂಪಿಸಿನ್ ಕೂಡ ಹಾಗೆಯೇ: ಟಿಬಿ ಚಿಕಿತ್ಸೆ ಬಿದ್ದರೆ ಟಿಎಲ್‌ಡಿ ನುಂಗಿದ 12 ಗಂಟೆಗೆ ಡೊಲುಟೆಗ್ರಾವಿರ್ 50 ಬೇರೆಯಾಗಿ ಇನ್ನೊಂದು ಬೇಕು, ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ. ಈ ಎರಡನೆಯ ಮಾತ್ರೆ ಮರೆತುಹೋಗುವುದು ಬಹಳ.

ಗಾರೆ ಕೆಲಸದವರ ವಿಷಯದಲ್ಲಿ ನನಗೆ ಹೆಚ್ಚು ಆತಂಕ ಮೈಕೈ ನೋವಿನ ಗುಳಿಗೆಯದು. ಟೆನೊಫೊವಿರ್ ಹೊರಹೋಗುವುದು ಕಿಡ್ನಿಯ ಮೂಲಕ. ಅದರ ಜೊತೆ ವಾರಗಟ್ಟಲೆ ಡೈಕ್ಲೊಫೆನಾಕ್ ನುಂಗಿದರೆ ಕಿಡ್ನಿಗೆ ಎರಡೂ ಕಡೆಯ ಹೊರೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆರು ತಿಂಗಳಿಗೊಮ್ಮೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೊದಲ ತಿಂಗಳಲ್ಲಿ ಅದು 0.1, 0.2ರಷ್ಟು ಏರಿ ಅಲ್ಲೇ ನಿಂತರೆ ಹೆದರಬೇಡಿ: ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ತಡೆಯುತ್ತದೆ, ಕಿಡ್ನಿ ಹಾಳಾಗಿರುವುದಿಲ್ಲ. ಏರುತ್ತಲೇ ಹೋಗಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕವಾದ ಕ್ರಿಯಾಟಿನಿನ್ ಕ್ಲಿಯರೆನ್ಸ್ 50ಕ್ಕಿಂತ ಇಳಿದರೆ ಟೆನೊಫೊವಿರ್ ತೆಗೆದು ಅಬಕಾವಿರ್ ಎಂಬ ಇನ್ನೊಂದು ಔಷಧ ಹಾಕುವ ಯೋಚನೆ ಬರುತ್ತದೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ ಇದೆಯೇ ತಿಳಿದಿರಬೇಕು. ಟೆನೊಫೊವಿರ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತದೆ, ಥಟ್ಟನೆ ತೆಗೆದರೆ ಲಿವರ್ ಕೆರಳಬಹುದು.

ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ಮೈ ತುಂಬಿಕೊಂಡಿದ್ದಾರೆ, ಮುಖದಲ್ಲಿ ಕಳೆ ಬಂದಿದೆ ಎಂಬುದೆಲ್ಲ ಸಂತೋಷದ ವಿಷಯವೇ, ಆದರೆ ಪುರಾವೆಯಲ್ಲ. ಆರನೆಯ ತಿಂಗಳು, ಹನ್ನೆರಡನೆಯ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಉಚಿತ. ರಕ್ತ ಕೊಟ್ಟ ದಿನವನ್ನು ಬರೆದಿಟ್ಟುಕೊಂಡು ವರದಿಯನ್ನು ನೀವಾಗಿಯೇ ಕೇಳಿ ಪಡೆಯಿರಿ. ಮಿ.ಲೀ.ಗೆ 1000 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಔಷಧ ಸೋತಿತು ಎಂದು ಕೂಡಲೇ ತೀರ್ಮಾನಿಸುವಂತಿಲ್ಲ. ಹಳೆಯ ನೆವಿರಪಿನ್, ಎಫಾವಿರೆಂಜ್‌ಗಳಲ್ಲಿ ವೈರಸ್ಸಿನ ಒಂದೇ ಒಂದು ರೂಪಾಂತರ ಸಾಕಿತ್ತು, ಔಷಧ ವ್ಯರ್ಥವಾಗುತ್ತಿತ್ತು. ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹೆಚ್ಚಿನ ಸಲ ತಪ್ಪಿದ ಮಾತ್ರೆಗಳೋ ಮೇಲೆ ಹೇಳಿದ ಜೊತೆ ಮಾತ್ರೆಗಳೋ ಕಾರಣವಾಗಿರುತ್ತವೆ. ಮೂರು ತಿಂಗಳು ಒಂದೂ ತಪ್ಪದಂತೆ ನುಂಗಿಸಿ ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಇಳಿಯದಿದ್ದರೆ ತಜ್ಞರ ಸಮಿತಿ ನೋಡಿ ಎರಡನೆಯ ಸಾಲಿನ ಔಷಧ ನಿರ್ಧರಿಸುತ್ತದೆ, ಅದೂ ಉಚಿತ.

ನಿಮ್ಮ ಅಣ್ಣನ ವಿಷಯದಲ್ಲಿ ದೊಡ್ಡ ಕಂಡಿ ಗೋವಾ. ಮಾತ್ರೆ ಮುಗಿಯುತ್ತದೆ, ಕಂಟ್ರಾಕ್ಟರ್ ರಜೆ ಕೊಡುವುದಿಲ್ಲ, ಬಸ್ ಖರ್ಚು ಮೈಮೇಲೆ, "ಹಬ್ಬಕ್ಕೆ ಊರಿಗೆ ಹೋದಾಗ ತಂದರಾಯಿತು" ಅನ್ನಿಸುತ್ತದೆ. ಪೂರ್ತಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲೇ ವೈರಸ್ ರಕ್ತದಲ್ಲಿ ಮತ್ತೆ ಏಳುತ್ತದೆ. ಯಾರೋ ಕೊಟ್ಟ ನಾಟಿ ಪುಡಿಗೆಂದು ನಿಲ್ಲಿಸಿದರೂ ಆಗುವುದು ಅದೇ. ಹೊರಡುವ ಹದಿನೈದು ದಿನ ಮೊದಲೇ ಸೆಂಟರ್‌ನ ಕೌನ್ಸಿಲರ್‌ಗೆ ಹೇಳಲಿ. ಸ್ಥಿರವಾಗಿರುವವರಿಗೆ ಮೂರು ತಿಂಗಳವರೆಗಿನ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿಯಿದೆ; ಹೊಸದಾಗಿ ಶುರುಮಾಡಿದವರಿಗೆ ಸದ್ಯ ತಿಂಗಳ ಲೆಕ್ಕವೇ. ಆದ್ದರಿಂದ ಸಾಧ್ಯವಾದರೆ ಮೊದಲ ಆರು ತಿಂಗಳು ಊರ ಹತ್ತಿರದಲ್ಲೇ ಕೆಲಸ ನೋಡಿಕೊಳ್ಳಲಿ. ಹೋಗಲೇಬೇಕಾದರೆ ಹಸಿರು ಪುಸ್ತಕ ಜೊತೆಯಲ್ಲಿರಲಿ, ಅದನ್ನು ತೋರಿಸಿ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿನ ಎಆರ್‌ಟಿ ಸೆಂಟರ್‌ನಲ್ಲಿ ವಿಚಾರಿಸಬಹುದು. ವರ್ಷದ ಹೆಚ್ಚು ಭಾಗ ಅಲ್ಲೇ ಇರುವುದಾದರೆ ಹೆಸರನ್ನೇ ಅಲ್ಲಿಗೆ ವರ್ಗಾಯಿಸಿಕೊಳ್ಳುವುದು ಮೇಲು. ಊರಲ್ಲಿದ್ದಾಗ ಜಿಲ್ಲಾ ಕೇಂದ್ರ ದೂರವೆನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ, ಅಂದರೆ ಹತ್ತಿರದಲ್ಲೇ ಮಾತ್ರೆ ಕೊಡುವ ಉಪಕೇಂದ್ರ, ಇದೆಯೇ ಕೇಳಿ. ಏನೂ ತೋಚದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.

ಕೆಲಸದ ಜಾಗದಲ್ಲಿ ಯಾರಿಗೂ ಹೇಳಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಇದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

ನಿಮ್ಮ ಅತ್ತಿಗೆಯ ಬಗ್ಗೆ ನೀವೇನೂ ಬರೆದಿಲ್ಲ. ಇದ್ದರೆ ಈ ವಾರವೇ ಅವರಿಗೂ ಪರೀಕ್ಷೆ ಆಗಲಿ. ಅವರಿಗೂ ಸೋಂಕು ಇದೆ ಎಂದಾದರೆ ಮಕ್ಕಳಿಗೂ ಮಾಡಿಸಿ. ಇಲ್ಲವೆಂದು ಬಂದರೂ ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕು. ಅಣ್ಣನ ವೈರಲ್ ಲೋಡ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ನಿಂತರೆ ದೈಹಿಕ ಸಂಬಂಧದಿಂದ ಸೋಂಕು ಹರಡುವುದಿಲ್ಲ. ಆ ವರದಿ ಕೈಗೆ ಬರುವವರೆಗೆ ಕಾಂಡೋಮ್ ಬೇಕೇ ಬೇಕು, ಸೆಂಟರ್‌ನಲ್ಲೇ ಕೊಡುತ್ತಾರೆ.