ಗುರು, ವಿದ್ವಾಂಸ, ಹೋರಾಟಗಾರ: ಮೂರೂ ಒಬ್ಬರೇ ಆಗಬಹುದೇ?

ಧರ್ಮಗುರುವಾಗಿದ್ದು, ಧರ್ಮದ ಅಧ್ಯಯನವನ್ನೂ ಬಿಡದೆ, ಬಡವರ ಪರ ಬೀದಿಗೂ ಇಳಿದವರನ್ನು ಹತ್ತಿರದಿಂದ ನೋಡಿದ್ದೀರಾ ಅಂತ ಕೇಳಿದ್ದೀರಿ. ನಾನು ನೋಡಿದ್ದೇನೆ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. ನಮ್ಮೂರಿನವರಿಗೆ ಅವರು ಅಜ್ಜಾರು.

1974ರಲ್ಲಿ ಪೀಠಕ್ಕೆ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. ಮಠದಲ್ಲಿ ಲಿಂಗಾಯತ ಅಧ್ಯಯನ ಸಂಸ್ಥೆ ಕಟ್ಟಿದರು. ಎಂ.ಎಂ. ಕಲಬುರ್ಗಿಯವರಂಥ ಸಂಶೋಧಕರನ್ನು ಜೊತೆಗೆ ಸೇರಿಸಿಕೊಂಡು ನೂರಾರು ಪುಸ್ತಕ ತಂದರು. ಪುಸ್ತಕದ ಸ್ವಾಮೀಜಿ ಅಂತಲೇ ಹೆಸರಾಯಿತು.

ನನಗೆ ಜಾಸ್ತಿ ನೆನಪಿರುವುದು ಸೋಮವಾರದ ಶಿವಾನುಭವ, ಅಂದರೆ ಮಠದಲ್ಲಿ ವಾರವಾರ ನಡೆಯುತ್ತಿದ್ದ ಉಪನ್ಯಾಸದ ಸಭೆ. ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ವೇದಿಕೆ ಮೇಲೆ ಯಾರೋ ಪ್ರೊಫೆಸರು ವಚನಗಳ ಬಗ್ಗೆ ಮಾತಾಡುತ್ತಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಹಮಾಲರು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ತೊಡೆ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಸಂತೆ ಮುಗಿಸಿ ಬುಟ್ಟಿ ಸಮೇತ ಬಂದು ಕೂತ ಹೆಂಗಸರೂ ಇರುತ್ತಿದ್ದರು. ಕಾಯಕ, ದಾಸೋಹ ಅನ್ನುವ ಮಾತು ನಾನು ಮೊದಲು ಕೇಳಿದ್ದು ಅಲ್ಲಿ, ಇವರ ನಡುವೆ ಕೂತು.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಹತ್ತಿರ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಜಾಸ್ತಿ ಎಕರೆ ಜಮೀನು ಕೇಳಿದರು. ಅಜ್ಜಾರು ರೈತರ ಮುಂದೆ ನಿಂತರು. ರೈತನ ಕಾಯಕ ನಡೆಯುವುದೇ ಹೊಲದಲ್ಲಿ, ಅಲ್ವಾ? ಹೊಲ ಹೋದರೆ ಕೈಗೆ ಬಂದ ದುಡ್ಡು ಎಷ್ಟು ದಿನ? ಆ ಜುಲೈನಲ್ಲೇ ಸರ್ಕಾರ ಹಿಂದೆ ಸರಿಯಿತು. ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಕಾಡಿಗೆ ಕೊಟ್ಟಿದ್ದ ರಕ್ಷಣೆಯನ್ನು 2016ರ ಕೊನೆಗೆ ತೆಗೆದುಹಾಕಿದರು; 2017ರಲ್ಲಿ ಅದರ ವಿರುದ್ಧ ನಡೆದ ಹೋರಾಟಕ್ಕೂ ಅವರೇ ಮುಂದಾಳು. ಆ ರಕ್ಷಣೆಯೂ ವಾಪಸ್ ಬಂತು. ಮರುವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಇದೆಲ್ಲ ಒಬ್ಬರಿಗೆ ಹೇಗೆ ಸಾಧ್ಯವಾಯಿತು ಅಂದರೆ, ನನ್ನ ಉತ್ತರ ಆ ಸೋಮವಾರಗಳೇ. ಹೋರಾಟಕ್ಕೆ ಕರೆದಾಗ ಜನ ಸುಮ್ನೆ ಬರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ವಾರವಾರ ಅವರೆದುರು ಕೂತು ಕೇಳಿದ್ದರು. ಮಠಕ್ಕೆ ದೊಡ್ಡವರೂ ಬರುತ್ತಾರೆ, ಕಾಣಿಕೆ ಕೊಡುತ್ತಾರೆ. ಅವರಿಗೆ ಬೇಜಾರಾದೀತು ಅಂತ ಅಜ್ಜಾರು ಮಾತು ನುಂಗಿದ್ದನ್ನು ನಾನು ಕಾಣೆ. ಅತಿ ಕಷ್ಟದ ಕೆಲಸ ಅದೇ ಅನಿಸುತ್ತದೆ ನನಗೆ.

ಒಮ್ಮೆ ಡಂಬಳದ ರೊಟ್ಟಿ ಜಾತ್ರೆಗೆ ಬನ್ನಿ. ಅಲ್ಲೂ ಇದೇ ಮಠ. ಜೋಳದ ರೊಟ್ಟಿ, ಮೇಲೊಂದಿಷ್ಟು ಪಲ್ಯ, ಅಂಚಿಗೆ ಕರಿಂಡಿ ಚಟ್ನಿ. ಯಾವ ಜಾತಿ ಅಂತ ಯಾರೂ ಕೇಳದೆ ಪಕ್ಕದವರು ಸರಿದು ಜಾಗ ಕೊಡುತ್ತಾರೆ.