ಸ್ನೇಹಾ ಹೋದ ಮೇಲೂ ನೋಡಬಹುದಾ?

'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಪುಟ್ಟಕ್ಕನ ಮಗಳು ಸ್ನೇಹಾಳನ್ನು ಸಾಯಿಸುವ ಅಗತ್ಯ ಇತ್ತಾ, ಆಮೇಲಿನ ಕತೆ ನೋಡಬಹುದಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಖಂಡಿತ ಇರಲಿಲ್ಲ. ಕಲಿತು ದೊಡ್ಡ ಅಧಿಕಾರಿ ಆಗಬೇಕು ಅನ್ನೋದೇ ಆ ಹುಡುಗಿಯ ಹಟ. ಕೊನೆಗೂ ಡಿ.ಸಿ. (ಜಿಲ್ಲಾಧಿಕಾರಿ) ಆದಳು. ಇನ್ನು ಅವಳ ಕೆಲಸ ನೋಡೋಣ ಅನ್ನುವಷ್ಟರಲ್ಲಿ ಮುಗಿಸಿಬಿಟ್ಟರು. ನಟಿ ಹೊರಗೆ ಹೋದಾಗ ಬೇರೆ ಊರಿಗೆ ವರ್ಗ ಆಯ್ತು ಅಂತ ತೋರಿಸಬಹುದಿತ್ತು ಅಲ್ವಾ?

ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅವಳನ್ನು ಮೆಚ್ಚಿದವರು ಜಾಸ್ತಿ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತು ಕೆಲಸದ ಪರೀಕ್ಷೆಗೆ ಓದುವ ಹೆಣ್ಣುಮಕ್ಕಳು ಅವಳಲ್ಲಿ ತಮ್ಮನ್ನೇ ಕಾಣುತ್ತಿದ್ದರು. ನಮ್ಮಲ್ಲಿ ಏಳೂವರೆಗೆ ಒಂದೇ ಟಿವಿಗೆ ಮಲಯಾಳ ಧಾರಾವಾಹಿಯ ಪೈಪೋಟಿ ಬೇರೆ. ಆದರೂ ರಿಮೋಟ್ ಕನ್ನಡದ ಕಡೆಗೇ ತಿರುಗುತ್ತಿತ್ತು.

ಕತೆಯ ನಿಜವಾದ ಬಲ ಕಂಠಿಯ ಗುಟ್ಟಿನಲ್ಲಿತ್ತು. ಬಡ್ಡಿಗೆ ಸಾಲ ಕೊಡುವ ಬಡ್ಡಿ ಬಂಗಾರಮ್ಮನನ್ನು ಸ್ನೇಹಾ ದ್ವೇಷಿಸುತ್ತಾಳೆ. ತಾನು ಬಂಗಾರಮ್ಮನ ಮಗ ಅಂತ ಹೇಳದೆ ಶ್ರೀ ಅನ್ನುವ ಹೆಸರಲ್ಲಿ ಕಂಠಿ ಸ್ನೇಹಾಳನ್ನು ಪ್ರೀತಿಸುತ್ತಾನೆ. ಆ ಸುಳ್ಳು ಯಾವಾಗ ಒಡೆಯುತ್ತೋ ಅಂತ ದಿನಾ ಎದೆ ಹೊಡೆದುಕೊಳ್ಳುತ್ತಿತ್ತು. ಬಂಗಾರಮ್ಮನೂ ಸುಮ್ನೆ ಕೂಗಾಡುವ ಅತ್ತೆ ಅಲ್ಲ, ಅವಳಿಗೂ ಮನಸ್ಸಿದೆ. ಸ್ನೇಹಾ ಇಲ್ಲದ ಮೇಲೆ ಆ ಎಳೆಯೇ ಸಡಿಲವಾಯಿತು.

ಆದರೂ ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀಯವರಿಗಾಗಿ ನೋಡಿ. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕ ಎಲ್ಲೂ ಸುಳ್ಳು ಅನ್ನಿಸುವುದಿಲ್ಲ. ಸಮಯ ಕಡಿಮೆ ಇದ್ದರೆ 2021ರ ಡಿಸೆಂಬರಿನಲ್ಲಿ ಶುರುವಾದ ಮೊದಲ ಕಂತುಗಳಿಂದ ಕಂಠಿ, ಸ್ನೇಹಾ ಮದುವೆಯವರೆಗೆ ನೋಡಿ.